ಹುರುಳಿಲ್ಲದ ಮಾತಿನ ನಾಟಕ

ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಆಡುವ ಮಾತುಗಳನ್ನೆಲ್ಲ ಒಂದೆಡೆ ರಾಶಿ ಹಾಕಿ ಗಾಳಿಗೆ ತೂರಿ ನೋಡಿದರೆ, ಕಾಳಿಗಿಂತ ಜೊಳ್ಳೇ ಹೆಚ್ಚಾಗಿ ಕಂಡೀತು. ಮಂಗಳೂರಿನ ಬಿಜೈಯಲ್ಲಿ ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣವಿದೆ. ಮಳೆಗಾಲದ ಒಂದು ಬೆಳಗ್ಗೆ ಅಲ್ಲಿ ನಿಂತು ಕಿವಿಗೊಟ್ಟವರಿಗೆ ಇದು ಚೆನ್ನಾಗಿ ಮನದಟ್ಟಾಗುತ್ತದೆ. "ಏನು, ಊರಿಗೋ?" ಎಂದು ಒಬ್ಬರು ಕೇಳುತ್ತಾರೆ. "ಹೌದು, ಊರಿಗೆ" ಎಂದು ಇನ್ನೊಬ್ಬರು ಹೇಳುತ್ತಾರೆ. "ಎಂತ ಮಳೆ ಮಾರಾಯ್ರೇ!" "ಹೌದು, ಮಳೆ ಜೋರೇ." ಇಬ್ಬರ ಕೈಯಲ್ಲಿಯೂ ನೀರು ಸುರಿಯುವ ಕೊಡೆಗಳಿವೆ. ಮಳೆ ಬರುತ್ತಿದೆಯೆಂಬುದನ್ನು ಒಬ್ಬರಿಂದ ಇನ್ನೊಬ್ಬರು ಕೇಳಿ ತಿಳಿಯಬೇಕಾಗಿಲ್ಲ. ಆದರೂ ಮಾತು ನಡೆಯುತ್ತದೆ. ಬಸ್ಸು ಬಂದೊಡನೆ ಅಲ್ಲಿಗೇ ನಿಲ್ಲುತ್ತದೆ.

ಇಂಥ ಮಾತನ್ನು ತಪ್ಪೆನ್ನುವಂತಿಲ್ಲ. ಅದು ಸ್ನೇಹದ ಹೊಸ್ತಿಲು. ಹೊಸ್ತಿಲನ್ನು ದಾಟಿಯೇ ಒಳಮನೆಗೆ ಹೋಗಬೇಕಲ್ಲವೇ? ಆದರೆ ಜನರು ಹೊಸ್ತಿಲಲ್ಲಿಯೇ ನಿಂತುಬಿಟ್ಟರೆ ಏನಾದೀತು? ಗಂಡ ಹೆಂಡಿರು, ತಂದೆ ಮಕ್ಕಳು, ನೆರೆಹೊರೆಯವರು ಇಡೀ ಬಾಳನ್ನು ಮಳೆಯ ಮಾತಿನಲ್ಲಿಯೇ ಕಳೆದುಬಿಟ್ಟರೆ, ಒಬ್ಬರನ್ನೊಬ್ಬರು ಅರಿಯುವುದು ಯಾವಾಗ? ಕಣ್ಣೀರು ತರಿಸಬಹುದಾದ ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಒಬ್ಬ ನಾಟಕಕಾರರು ನಗೆಯ ರೂಪದಲ್ಲಿ ಕೇಳಿದರು. ಅವರೇ ಯೂಜೀನ್ ಅಯನೆಸ್ಕೊ.

ಅಯನೆಸ್ಕೊ 1909ರಲ್ಲಿ ರುಮೇನಿಯ ದೇಶದಲ್ಲಿ ಹುಟ್ಟಿದರು. ಮುಂದೆ ಪ್ಯಾರಿಸ್ ನಗರದಲ್ಲಿ ನೆಲೆಸಿ ಫ್ರೆಂಚ್ ಭಾಷೆಯಲ್ಲಿ ಬರೆದರು. 1948ರಲ್ಲಿ ಅವರಿಗೆ ಇಂಗ್ಲಿಷ್ ಕಲಿಯುವ ಮನಸ್ಸಾಯಿತು. ಸ್ವಬೋಧಿನಿಯೊಂದನ್ನು ಕೊಂಡು ತಂದು, ಅದರ ವಾಕ್ಯಗಳನ್ನು ನಿಷ್ಠೆಯಿಂದ ಬರೆದುಕೊಳ್ಳತೊಡಗಿದರು. ವಾರಕ್ಕೆ ಏಳು ದಿನಗಳು, ನೆಲವು ಕೆಳಗಿದೆ, ಸೂರು ಮೇಲಿದೆ—ಈ ಬಗೆಯ ಪಾಠಗಳು ಅಲ್ಲಿದ್ದವು. ಮುಂದಿನ ಪಾಠಗಳಲ್ಲಿ ಸ್ಮಿತ್ ಎಂಬ ದಂಪತಿಗಳು ಬಂದರು. ತಾವು ಲಂಡನ್ನಿನ ಸಮೀಪದಲ್ಲಿ ವಾಸವಾಗಿದ್ದೇವೆ, ತಮ್ಮ ಹೆಸರು ಸ್ಮಿತ್, ತಮಗೊಬ್ಬಳು ಕೆಲಸದವಳಿದ್ದಾಳೆ ಎಂದು ಹೆಂಡತಿಯು ಗಂಡನಿಗೇ ತಿಳಿಸುತ್ತಿದ್ದಳು! ಕಲಿಯುವವರ ಅನುಕೂಲಕ್ಕಾಗಿ ರಚಿಸಿದ ಪಾಠ ಅದು. ಆದರೆ ಅಯನೆಸ್ಕೊ ಅವರಿಗೆ ಅದರಲ್ಲಿ ಮನುಷ್ಯರ ನಿತ್ಯದ ಸಂಭಾಷಣೆಯೇ ಕಾಣಿಸಿತು. ಅವರು ಇಂಗ್ಲಿಷನ್ನು ಬಿಟ್ಟು ನಾಟಕ ಬರೆಯಲು ಕುಳಿತರು.

ಆ ನಾಟಕದ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ತಾಲೀಮು ನಡೆಯುತ್ತಿದ್ದಾಗ, ಅಗ್ನಿಶಾಮಕ ದಳದವನ ಪಾತ್ರಧಾರಿಯು 'ಹೊಂಗೂದಲಿನ ಉಪಾಧ್ಯಾಯಿನಿ' ಎನ್ನುವ ಬದಲು ಬಾಯಿ ತಪ್ಪಿ 'ಬೋಳುತಲೆಯ ಗಾಯಕಿ' ಎಂದುಬಿಟ್ಟನು. ನಾಟಕಕಾರರು ಆ ತಪ್ಪನ್ನೇ ಹಿಡಿದು, ನಾಟಕಕ್ಕೆ 'ಬೋಳುತಲೆಯ ಗಾಯಕಿ' ಎಂದೇ ಹೆಸರಿಟ್ಟರು. ನಾಟಕದಲ್ಲಿ ಬೋಳುತಲೆಯ ಗಾಯಕಿ ಬರುವುದೇ ಇಲ್ಲ. ಅವಳ ಪ್ರಸ್ತಾಪ ಒಮ್ಮೆ ಬಂದು, ಎಲ್ಲರೂ ಒಂದು ಕ್ಷಣ ಮುಜುಗರದಿಂದ ಸುಮ್ಮನಾಗುತ್ತಾರೆ, ಅಷ್ಟೇ.

1950ರ ಮೇ 11ರಂದು ಪ್ಯಾರಿಸ್ಸಿನ ಒಂದು ಪುಟ್ಟ ರಂಗಮಂದಿರದಲ್ಲಿ ಈ ನಾಟಕದ ಮೊದಲ ಪ್ರಯೋಗವಾಯಿತು. ನಿರ್ದೇಶಕ ನಿಕೊಲಾ ಬತಾಯ್ ಇನ್ನೂ ಇಪ್ಪತ್ತೈದರ ಆಸುಪಾಸಿನ ತರುಣ. ತಂಡದವರು ಮೊದಮೊದಲು ಇದನ್ನು ವಿಡಂಬನೆಯಂತೆ, ಉತ್ಪ್ರೇಕ್ಷೆಯಿಂದ ಆಡಿನೋಡಿದರು. ನಾಟಕ ಮೇಲೇಳಲಿಲ್ಲ. ಬಳಿಕ ಇಬ್ಸನ್ನನ ಗಂಭೀರ ನಾಟಕವನ್ನಾಡುವ ರೀತಿಯಲ್ಲಿ, ಮುಖದ ಗೆರೆ ಬದಲಾಗದಂತೆ ಆಡಿದರು. ಆಗ ಅದರ ನಿಜವಾದ ನಗೆ ಹೊರಬಿತ್ತು. ಆದರೆ ನೋಡಲು ಜನ ಬರಲಿಲ್ಲ. ಪ್ರಚಾರಕ್ಕೆ ಹಣವಿಲ್ಲದೆ ನಟರೇ ಹಲಗೆಗಳನ್ನು ಮೈಗೆ ತಗಲಿಸಿಕೊಂಡು ಬೀದಿಯಲ್ಲಿ ತಿರುಗಿದರು. ಮೂವರು ಪ್ರೇಕ್ಷಕರೂ ಇಲ್ಲದ ಸಂಜೆಗಳಲ್ಲಿ ಹಣ ಹಿಂದಿರುಗಿಸಿ ಮನೆಗೆ ಹೋದದ್ದೂ ಉಂಟು. ಸುಮಾರು ಆರು ವಾರಗಳಲ್ಲಿ ಪ್ರಯೋಗ ನಿಂತಿತು.

ಸೋತ ನಾಟಕದ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. 1957ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಯುಶೆಟ್ ರಂಗಮಂದಿರದಲ್ಲಿ ಅದನ್ನು ಮತ್ತೆ ಎತ್ತಿಕೊಂಡರು. ಆ ಮಂದಿರದಲ್ಲಿ ಸುಮಾರು 90 ಜನರು ಮಾತ್ರ ಕುಳಿತುಕೊಳ್ಳಬಹುದು. ಕೊರೊನಾ ಕಾಲದ ಬಿಡುವನ್ನು ಬಿಟ್ಟರೆ, ಅಂದಿನಿಂದ ನಾಟಕ ಅಲ್ಲಿ ನಡೆಯುತ್ತಲೇ ಬಂದಿದೆ. ನಟರ ತಲೆಮಾರುಗಳು ಬದಲಾದವು. 1994ರಲ್ಲಿ ನಾಟಕಕಾರರೂ ತೀರಿಕೊಂಡರು. ಸ್ಮಿತ್ ದಂಪತಿಗಳು ಮಾತ್ರ ಅದೇ ಹುರುಳಿಲ್ಲದ ಮಾತನ್ನು ಆಡುತ್ತ ಕುಳಿತಿದ್ದಾರೆ. ದೊಡ್ಡ ಭವನದಲ್ಲಲ್ಲ, ಸಣ್ಣ ಕೋಣೆಯಲ್ಲಿ ಈ ನಾಟಕ ಬಾಳಿತೆಂಬುದು ಗಮನಿಸತಕ್ಕ ಸಂಗತಿ.

ಇಂಥ ನಾಟಕಗಳಿಗೆ ಇಂಗ್ಲಿಷಿನಲ್ಲಿ 'ಅಬ್ಸರ್ಡ್' ಎಂಬ ವಿಶೇಷಣ ಬಂದಿತು. 1961ರಲ್ಲಿ ಮಾರ್ಟಿನ್ ಎಸ್ಲಿನ್ ಎಂಬ ವಿಮರ್ಶಕರು ಬರೆದ ಗ್ರಂಥದಿಂದ ಆ ಹೆಸರು ಲೋಕಪ್ರಸಿದ್ಧವಾಯಿತು. ಆ ಪದದ ಲ್ಯಾಟಿನ್ ಮೂಲಕ್ಕೆ ಶ್ರುತಿ ಸೇರದ್ದು ಎಂಬ ಅರ್ಥವಿದೆ. ಕನ್ನಡದಲ್ಲಿ ಅದಕ್ಕೆ 'ಅಸಂಗತ ನಾಟಕ' ಎಂಬ ಹೆಸರು ನಿಂತಿತು. ಒಂದಕ್ಕೊಂದು ಹೊಂದದ ಸಂಗತಿಗಳನ್ನು ಒಂದೆಡೆ ಕೂಡಿಸಿ, ಬದುಕಿನಲ್ಲಿಯೇ ಶ್ರುತಿ ತಪ್ಪಿರುವ ಎಡೆಯನ್ನು ಕೇಳಿಸುವುದು ಈ ನಾಟಕಗಳ ರೀತಿ.

ಕನ್ನಡದ ಹವ್ಯಾಸಿ ರಂಗಭೂಮಿ ಈ ರೀತಿಯನ್ನು ಬೇಗನೆ ತನ್ನದಾಗಿಸಿಕೊಂಡಿತು. ಕಥೆಯನ್ನು ನೇರವಾಗಿ ಹೇಳುವ ಕಟ್ಟನ್ನು ಸಡಿಲಿಸುವ ಕೆಲಸವನ್ನು ಶ್ರೀರಂಗರು 1960ರ 'ಕೇಳು ಜನಮೇಜಯ'ದಲ್ಲಿಯೇ ಮಾಡಿದ್ದರು. ಅನಂತರ ಚಂದ್ರಶೇಖರ ಪಾಟೀಲರು 'ಕೊಡೆಗಳು', 'ಅಪ್ಪ' ಮೊದಲಾದ ನಾಟಕಗಳನ್ನು ಬರೆದರು. ಪಿ. ಲಂಕೇಶರ 'ತೆರೆಗಳು', ಎನ್. ರತ್ನ ಅವರ 'ಎಲ್ಲಿಗೆ?', ಚಂದ್ರಕಾಂತ ಕುಸನೂರರ 'ಆನಿ ಬಂತಾನಿ' ಈ ಸಾಲಿಗೆ ಸೇರಿದವು. ಇವುಗಳಿಗೆ ಅರಮನೆಯ ಪರದೆ ಬೇಕಾಗಿರಲಿಲ್ಲ. ಜರತಾರಿ ಪೋಷಾಕೂ ಬೇಕಾಗಿರಲಿಲ್ಲ. ನಾಲ್ಕು ಜನ ನಟರು, ಎರಡು ಕುರ್ಚಿ, ಒಂದು ದೀಪ ಇದ್ದರೆ ನಾಟಕ ಏಳುತ್ತಿತ್ತು. ಕಾಲೇಜು ವಿದ್ಯಾರ್ಥಿಗಳಿಗೂ, ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಬಣ್ಣ ಹಚ್ಚುವವರಿಗೂ ಇವು ಎಟಕುವ ನಾಟಕಗಳಾಗಿದ್ದವು. ಹಣ ಕಡಿಮೆ ಸಾಕಾಯಿತು. ಧೈರ್ಯ ಮಾತ್ರ ಹೆಚ್ಚು ಬೇಕಾಯಿತು.

ಅಂಥ ಧೈರ್ಯದಿಂದ ಬಿಜೈಯ ಒಂದು ಸಣ್ಣ ಹವ್ಯಾಸಿ ತಂಡ 'ಬೋಳುತಲೆಯ ಗಾಯಕಿ'ಯನ್ನು ಆಡಲು ಹೊರಟಿತೆನ್ನಿ. ಬಿಜೈ ಮಂಗಳೂರಿನ ನಡುವೆಯೇ ಇರುವ ಬಡಾವಣೆ. ಒಂದು ಕಡೆ ಊರೂರಿನ ಜನರು ಬಂದಿಳಿಯುವ ಬಸ್ ನಿಲ್ದಾಣ. ಇನ್ನೊಂದು ಕಡೆ ಇಗರ್ಜಿ. ಮತ್ತೊಂದು ಕಡೆ 1960ರಲ್ಲಿ ಸಾರ್ವಜನಿಕರಿಗೆ ತೆರೆದ, ಹಡಗಿನ ಆಕಾರದ ಕಟ್ಟಡದಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ. ಅಲ್ಲಿಯ ಬೀದಿಗಳಲ್ಲಿ ನೂರು ಹೆಜ್ಜೆ ನಡೆದರೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯನ್ನಾಡುವ ಜನರಿಗೆ, ಮಾತಿನ ಮೇಲೆಯೇ ನಿಂತಿರುವ ನಾಟಕ ಅಪರಿಚಿತವಾಗಲಾರದು.

ಕರಾವಳಿಯ ಪ್ರೇಕ್ಷಕರಿಗೆ ಬರಿಯ ರಂಗವೂ ಹೊಸದಲ್ಲ. ಯಕ್ಷಗಾನದ ರಂಗದಲ್ಲಿರುವ ಒಂದು 'ರಥ'ವೇ ಸಿಂಹಾಸನವಾಗುತ್ತದೆ, ತೇರಾಗುತ್ತದೆ, ಬೆಟ್ಟವೂ ಆಗುತ್ತದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಗಳು ಬಂದು ಕುಣಿದು ಹೋಗುತ್ತಾರೆ. ಹಾಸ್ಯಗಾರನು ದೂತನಾಗಿಯೋ ದ್ವಾರಪಾಲಕನಾಗಿಯೋ ಬಂದು, ಭಾಗವತರೊಡನೆ ತಲೆಬುಡವಿಲ್ಲದ ಮಾತನ್ನಾಡಿ, ನಡುವೆ ಒಂದು ನಿಜವನ್ನು ಚುಚ್ಚಿ ಹೋಗುತ್ತಾನೆ. ಜನರು ನಕ್ಕ ಮೇಲೆ ಆ ಚುಚ್ಚು ಅವರಿಗೆ ಅರಿವಾಗುತ್ತದೆ. ಹೀಗೆ ನೋಡಿದರೆ, ಅಸಂಗತದ ಬೀಜ ಈ ಮಣ್ಣಿನಲ್ಲಿ ಮೊದಲೇ ಇತ್ತು. ಅಂತರವಿರುವುದು ಒಂದೇ ಕಡೆ. ಹಾಸ್ಯಗಾರನ ಸುತ್ತ ಪುರಾಣದ ಕಥೆಯೊಂದು ಭದ್ರವಾಗಿ ನಿಂತಿರುತ್ತದೆ. ಅವನು ಹೋದ ಮೇಲೆ ರಾಜನು ಬಂದು ಕಥೆಯನ್ನು ಮುಂದುವರಿಸುತ್ತಾನೆ. ಅಯನೆಸ್ಕೊ ಅವರ ನಾಟಕದಲ್ಲಿ ರಾಜನು ಬರುವುದೇ ಇಲ್ಲ. ಎಲ್ಲರೂ ಹಾಸ್ಯಗಾರರೇ, ಆದರೆ ತಾವು ಹಾಸ್ಯಗಾರರೆಂಬುದು ಅವರಿಗೆ ಗೊತ್ತಿಲ್ಲ.

ತಾಲೀಮಿನ ಮೊದಲ ದಿನವೇ ತಂಡದಲ್ಲಿ ಚರ್ಚೆ ಏಳುವುದು ಸಹಜ. "ಮಾಷ್ಟ್ರೇ, ಈ ಲಂಡನ್ನಿನವರು ನಮಗೆ ಯಾಕೆ? ಬಿಜೈಯವರನ್ನೇ ಕೂರಿಸುವ" ಎಂದು ಕಿರಿಯ ನಟನೊಬ್ಬ ಕೇಳುತ್ತಾನೆ. ಹಗಲು ಶಾಲೆಯಲ್ಲಿ ಕಲಿಸಿ ಸಂಜೆ ನಾಟಕ ಆಡಿಸುವ ನಿರ್ದೇಶಕರು ಸ್ವಲ್ಪ ಯೋಚಿಸಿ, "ಕೂರಿಸಬಹುದು. ಆದರೆ ನೋಡುವವರು ಮೊದಲು ಬೇರೆಯವರನ್ನು ನೋಡಿ ನಗಲಿ. ತಮ್ಮನ್ನು ತಾವು ಆಮೇಲೆ ಕಂಡುಕೊಳ್ಳಲಿ" ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ನ್ಯಾಯವಿದೆ. ಹೊರಗಿನ ನಾಟಕವನ್ನು ಕನ್ನಡಕ್ಕೆ ತರುವ ಪ್ರತಿಯೊಂದು ತಂಡವೂ ಈ ಕವಲಿನಲ್ಲಿ ನಿಲ್ಲಬೇಕಾಗುತ್ತದೆ.

ಎರಡನೆಯ ತೊಡಕು ಕಂಠಪಾಠದ್ದು. ಸಾಮಾನ್ಯ ನಾಟಕದಲ್ಲಿ ಒಂದು ಮಾತು ಇನ್ನೊಂದನ್ನು ಕೈಹಿಡಿದು ತರುತ್ತದೆ. "ಎಲ್ಲಿಗೆ ಹೋಗಿದ್ದೆ?" ಎಂಬ ಪ್ರಶ್ನೆಯಿದ್ದರೆ ಉತ್ತರ ತಾನಾಗಿ ನೆನಪಾಗುತ್ತದೆ. ಅಸಂಗತ ನಾಟಕದಲ್ಲಿ ಪ್ರಶ್ನೆಗೂ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ಆದುದರಿಂದ ನಟನು ಎದುರಿನವರ ಮಾತನ್ನು ಅಕ್ಷರ ಅಕ್ಷರವಾಗಿ ಆಲಿಸಬೇಕಾಗುತ್ತದೆ. ಒಂದು ಪದ ತಪ್ಪಿದರೂ ಮುಂದಿನ ಎಳೆ ಸಿಗದು. ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳದ ಪಾತ್ರಗಳನ್ನು ಆಡಬೇಕಾದರೆ, ನಟರು ಒಬ್ಬರ ಮಾತನ್ನೊಬ್ಬರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಈ ನಾಟಕದ ತಾಲೀಮು ಕಲಿಸುವ ಮೊದಲ ಪಾಠವೇ ಇದು.

ಮೂರನೆಯ ಕಷ್ಟ ನಗೆಯದು. ರಂಗದ ಗಡಿಯಾರ ಹದಿನೇಳು ಸಲ ಬಡಿಯುತ್ತದೆ; ಶ್ರೀಮತಿ ಸ್ಮಿತ್ ಒಂಬತ್ತು ಗಂಟೆಯಾಯಿತೆನ್ನುತ್ತಾಳೆ. ನೇಪಥ್ಯದಲ್ಲಿ ಒಬ್ಬ ಹುಡುಗನು ಲೋಹದ ತಟ್ಟೆಯನ್ನು ಎಣಿಸಿ ಬಾರಿಸಬೇಕು. ಅವನ ಎಣಿಕೆ ತಪ್ಪಿದರೂ ನಟಿ ಕದಲಬಾರದು. ಬಾಗಿಲ ಗಂಟೆ ಮೂರು ಸಲ ಬಾರಿಸಿದರೂ ಹೊರಗೆ ಯಾರೂ ಇರುವುದಿಲ್ಲ. ಗಂಟೆ ಬಾರಿಸಿತೆಂದರೆ ಬಾಗಿಲಲ್ಲಿ ಯಾರೂ ಇಲ್ಲವೆಂದೇ ಅರ್ಥ ಎಂದು ಆಕೆ ಸಿದ್ಧಾಂತ ಮಾಡುತ್ತಾಳೆ. ಇಂಥ ಕಡೆ ನಟಿ ತಾನೇ ನಕ್ಕರೆ ಪ್ರೇಕ್ಷಕನ ನಗು ಸತ್ತುಹೋಗುತ್ತದೆ. ನ್ಯಾಯಾಲಯದಲ್ಲಿ ವಾದಿಸುವ ವಕೀಲರ ಗಾಂಭೀರ್ಯ ಅವಳಲ್ಲಿರಬೇಕು. ಪ್ಯಾರಿಸ್ಸಿನ ತರುಣರು 1950ರಲ್ಲಿ ಕಂಡುಕೊಂಡ ಗುಟ್ಟನ್ನು ಪ್ರತಿಯೊಂದು ತಂಡವೂ ತಾನೇ ಹೊಸದಾಗಿ ಕಂಡುಕೊಳ್ಳಬೇಕು.

ಇನ್ನು ಪ್ರದರ್ಶನದ ಸಂಜೆ. ನೂರು ಕುರ್ಚಿಗಳ ಸಭಾಭವನದಲ್ಲಿ ನಲವತ್ತು ಜನ ಬಂದಿದ್ದಾರೆನ್ನಿ. ಮಂಗಳೂರಿನಲ್ಲಿ ತುಳು ಹಾಸ್ಯ ನಾಟಕಗಳಿಗೆ ತುಂಬಿದ ಸಭೆಗಳುಂಟು. ನಗೆಯನ್ನು ಬಯಸಿ ಬರುವ ಜನರಿಗೆ ಇಲ್ಲಿ ಕೊರತೆಯಿಲ್ಲ. ಈ ನಲವತ್ತು ಜನರೂ ನಗಲೆಂದೇ ಬಂದವರು. ಗಡಿಯಾರ ಬಡಿದಾಗ ನಗುತ್ತಾರೆ. ಸ್ವಲ್ಪ ಹೊತ್ತಿಗೆ ಮಾರ್ಟಿನ್ ಎಂಬ ದಂಪತಿಗಳು ಅತಿಥಿಗಳಾಗಿ ಬಂದು ಎದುರುಬದುರು ಕುಳಿತುಕೊಳ್ಳುತ್ತಾರೆ. ಒಬ್ಬರನ್ನೊಬ್ಬರು ಎಲ್ಲಿಯೋ ನೋಡಿದಂತೆ ಅವರಿಗೆ ಅನಿಸುತ್ತದೆ. ಇಬ್ಬರೂ ಒಂದೇ ಊರಿನವರು. ಬಂದದ್ದು ಒಂದೇ ರೈಲಿನಲ್ಲಿ, ಒಂದೇ ಡಬ್ಬಿಯಲ್ಲಿ. ವಾಸ ಒಂದೇ ಬೀದಿಯಲ್ಲಿ, ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ. ಇಬ್ಬರಿಗೂ ಎರಡು ವರ್ಷದ ಮಗಳಿದ್ದಾಳೆ. ಅವಳದು ಒಂದು ಕಣ್ಣು ಬಿಳಿ, ಒಂದು ಕಣ್ಣು ಕೆಂಪು. ಎಂಥ ಆಶ್ಚರ್ಯ, ಎಂಥ ಕಾಕತಾಳೀಯ ಎಂದು ಬೆರಗಾಗುತ್ತ, ಕೊನೆಗೆ ತಾವು ಗಂಡ ಹೆಂಡತಿ ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ! ಅಷ್ಟರಲ್ಲಿ ಕೆಲಸದವಳು ಪ್ರೇಕ್ಷಕರ ಬಳಿಗೆ ಬಂದು, ಇವನ ಮಗಳಿಗೆ ಬಿಳಿಯದು ಬಲಗಣ್ಣು, ಇವಳ ಮಗಳಿಗೆ ಎಡಗಣ್ಣು; ಆದುದರಿಂದ ಲೆಕ್ಕವೆಲ್ಲ ತಪ್ಪು ಎಂದು ತಿಳಿಸಿ ಹೋಗುತ್ತಾಳೆ.

ಸಭೆ ಈ ದೃಶ್ಯಕ್ಕೆ ಹೊಟ್ಟೆ ಹುಣ್ಣಾಗುವಂತೆ ನಗುತ್ತದೆ. ಆದರೆ ಆ ನಗುವಿನ ತುದಿಯಲ್ಲಿ ಒಂದು ಮೌನವಿದೆ. ಒಂದೇ ಸೂರಿನ ಕೆಳಗೆ ಬಾಳಿ, ಒಂದೇ ಪಾತ್ರೆಯ ಅನ್ನವನ್ನುಂಡು, ಒಬ್ಬರನ್ನೊಬ್ಬರು ಅರಿಯದೆ ಹೋಗುವುದು ರಂಗದ ಮೇಲಷ್ಟೇ ನಡೆಯುವ ಸಂಗತಿಯಲ್ಲ. ಮೂರನೆಯ ಸಾಲಿನಲ್ಲಿ ಕುಳಿತ ಯಾವನೋ ಒಬ್ಬನಿಗೆ, ತನ್ನ ತಂದೆಗೆ ಇಷ್ಟವಾದದ್ದೇನು, ಭಯವಾದದ್ದೇನು ಎಂದು ತಾನು ಕೇಳಿಯೇ ಇಲ್ಲವೆಂಬುದು ಆಗ ಥಟ್ಟನೆ ನೆನಪಾಗಬಹುದು. ಸಣ್ಣ ರಂಗದ ಬೆಲೆ ಇರುವುದು ಇಲ್ಲಿಯೇ. ಸಾವಿರ ಜನರ ನಡುವೆ ಇಂಥ ಮೌನ ಗದ್ದಲದಲ್ಲಿ ಅಡಗಿಹೋಗುತ್ತದೆ; ನಲವತ್ತು ಜನರ ನಡುವೆ ಅದು ಕೇಳಿಸುತ್ತದೆ.

ಎಲ್ಲರೂ ಮೆಚ್ಚುತ್ತಾರೆಂದಲ್ಲ. ನಡುವೆಯೇ ಎದ್ದು ಹೋಗುವವರಿರುತ್ತಾರೆ. "ಎಂತ ಮಾರಾಯ್ರೇ ಇದು? ಕಥೆ ಎಲ್ಲಿ?" ಎಂದು ಹೊರಗೆ ನಿಂತು ಕೇಳುವವರೂ ಇರುತ್ತಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಕಷ್ಟಪಟ್ಟು ದುಡಿದ ಹಣ ಕೊಟ್ಟು ಬಂದವರಿಗೆ ಕೇಳುವ ಹಕ್ಕಿದೆ. ಆದರೆ ಸಾಮಾನ್ಯರಿಗೆ ಇಂಥ ನಾಟಕ ಅರ್ಥವಾಗದೆಂದು ಮೊದಲೇ ತೀರ್ಪು ಕೊಡುವುದೂ ಸರಿಯಲ್ಲ. 1957ರ ನವೆಂಬರ್ 19ರಂದು ಅಮೆರಿಕದ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಸ್ಯಾಮ್ಯುಯೆಲ್ ಬೆಕೆಟ್ ಅವರ ಗೋಡೋ ನಾಟಕವನ್ನು ಆಡಿದರು. ಎಂದಿಗೂ ಬಾರದ ಗೋಡೋ ಎಂಬುವನಿಗಾಗಿ ಇಬ್ಬರು ಅಲೆಮಾರಿಗಳು ಕಾಯುವುದೇ ಅದರ ವಸ್ತು. ನೋಡಿದವರು ಸುಮಾರು 1,400 ಮಂದಿ ಕೈದಿಗಳು. ವಿದ್ವಾಂಸರು ತಲೆ ಕೆರೆದುಕೊಂಡ ನಾಟಕವನ್ನು ಆ ಕೈದಿಗಳು ತದೇಕಚಿತ್ತರಾಗಿ ನೋಡಿದರು. ಕಾಯುವುದೆಂದರೇನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹುರುಳಿಲ್ಲದ ಮಾತು ನಗೆಯ ವಸ್ತು ಮಾತ್ರವಲ್ಲ, ಭಯದ ವಸ್ತುವೂ ಹೌದೆಂಬುದನ್ನು ಅಯನೆಸ್ಕೊ ತಮ್ಮ ಯೌವನದಲ್ಲಿಯೇ ಕಂಡಿದ್ದರು. 1930ರ ದಶಕದ ರುಮೇನಿಯದಲ್ಲಿ, ಓದು ಬರಹ ಬಲ್ಲ ಅವರ ಪರಿಚಿತರೇ ಒಬ್ಬೊಬ್ಬರಾಗಿ ದ್ವೇಷದ ಘೋಷಣೆಗಳನ್ನು ಒಪ್ಪಿ, ಅವನ್ನೇ ಮತ್ತೆ ಮತ್ತೆ ನುಡಿಯತೊಡಗಿದರು. ಮಾತು ಅವರದಾಗಿರಲಿಲ್ಲ, ಬಾಯಿ ಮಾತ್ರ ಅವರದಾಗಿತ್ತು. ಈ ಅನುಭವವೇ 1959ರಲ್ಲಿ ರಂಗಕ್ಕೆ ಬಂದ ಅವರ 'ಘೇಂಡಾಮೃಗ' ನಾಟಕಕ್ಕೆ ಮೂಲವಾಯಿತು. ಅದರಲ್ಲಿ ಒಂದು ಸಣ್ಣ ಊರಿನ ಜನರೆಲ್ಲ ಒಬ್ಬರ ಹಿಂದೆ ಒಬ್ಬರು ಘೇಂಡಾಮೃಗಗಳಾಗುತ್ತಾರೆ. ಒಬ್ಬನು ಮಾತ್ರ ಮನುಷ್ಯನಾಗಿ ಉಳಿಯುತ್ತಾನೆ. ಯೋಚಿಸದೆ ಆಡುವ ಮಾತು ಬಸ್ ನಿಲ್ದಾಣದಲ್ಲಿ ನಿರುಪದ್ರವಿ. ಆದರೆ ಅದೇ ಅಭ್ಯಾಸ ಒಂದು ನಾಡಿನ ರೂಢಿಯಾದರೆ ಕೋಡು ಮೂಡಿಸಿಕೊಂಡು ನುಗ್ಗಬಲ್ಲದು.

ಆದುದರಿಂದ ಸಣ್ಣ ತಂಡವೊಂದು ಸಣ್ಣ ಭವನದಲ್ಲಿ ಇಂಥ ನಾಟಕವನ್ನಾಡುವುದು ಕೇವಲ ಮನರಂಜನೆಯ ಕೆಲಸವಲ್ಲ. ಟಿಕೆಟಿನ ಹಣದಲ್ಲಿ ಬಾಡಿಗೆ ಹುಟ್ಟದೆ ಹೋಗಬಹುದು. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲೂ ಬಾರದಿರಬಹುದು. ನಟರು ಬಣ್ಣ ಒರೆಸಿಕೊಂಡು, ಕುರ್ಚಿಗಳನ್ನು ಮಡಿಸಿಟ್ಟು, ಮರುದಿನ ಎಂದಿನಂತೆ ಬ್ಯಾಂಕಿಗೋ ಶಾಲೆಗೋ ಹೋಗುತ್ತಾರೆ. ಆದರೆ ನಲವತ್ತು ಜನರು ಒಂದು ಗಂಟೆಯ ಕಾಲ ಮಾತನ್ನು ಕಿವಿಗೊಟ್ಟು ಕೇಳಿದ್ದಾರೆ. ಅವರಲ್ಲಿ ಒಬ್ಬನಾದರೂ ಅಂದು ರಾತ್ರಿ ಮನೆಯ ಬಾಗಿಲು ತೆರೆದ ತಾಯಿಯನ್ನು "ಅಮ್ಮ, ಊಟ ಆಯಿತಾ?" ಎಂದು ಕೇಳಿ, ಚಪ್ಪಲಿ ಕಳಚುವುದನ್ನು ನಿಲ್ಲಿಸಿ, ಆಕೆ ಏನು ಹೇಳುವಳೆಂದು ಅವಳ ಮುಖವನ್ನೇ ನೋಡುತ್ತ ನಿಂತರೆ, ತಂಡದವರು ತಿಂಗಳುಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.